ಬೆಂಗಳೂರಲ್ಲಿ ಮನೇಲೇ ತಂಬೂರಿ ಕಥೆ ಮಾಡ್ಸಿದೋರು ಯಾರಾದ್ರೂ ಇದೀರಾ?

ಜಗಲಿಕಟ್ಟೆ
ಎಲ್ರಿಗೂ ನಮಸ್ಕಾರ. ನಮ್ಮ ಮಾವನವರಿಗೆ ಮಾರ್ಚಲ್ಲಿ ಎಪ್ಪತ್ತೈದು ತುಂಬುತ್ತೆ. ಮದ್ದೂರು ಕಡೆಯವರು, ಈಗ ಬನಶಂಕರೀಲಿ ನಮ್ಜೊತೇನೇ ಇದಾರೆ. ಹಾಲ್ ಬುಕ್ ಮಾಡಿ ಕೇಕ್ ಕಟ್ ಮಾಡ್ಸೋಣ ಅಂತ ಮಕ್ಳೆಲ್ಲ ಪ್ಲಾನ್ ಹಾಕಿದ್ರು, ಅವ್ರು "ಅದೆಲ್ಲ ಬ್ಯಾಡ, ಮನೇಲಿ ಒಂದ್ ತಂಬೂರಿ ಕಥೆ ಮಾಡ್ಸಿ ಸಾಕು" ಅಂದ್ಬಿಟ್ರು. ನಾನು ಚಿಕ್ಕಮಗಳೂರಿನೋಳು, ಮನೇಲಿ ಮಾಡ್ಸೋ ಕಥೆ ಅಂದ್ರೆ ನಂಗೆ ಸತ್ಯನಾರಾಯಣ ಕಥೆ ಅಷ್ಟೇ ಗೊತ್ತಿದ್ದಿದ್ದು. ನೀಲಗಾರ್ರು, ಅಂದ್ರೆ ಮಂಟೇಸ್ವಾಮಿ ಪಂಥದ ಹಾಡುಗಾರರು ಬಂದು ಮಂಟೇಸ್ವಾಮಿ, ಅವ್ರ ಶಿಷ್ಯ ಸಿದ್ದಪ್ಪಾಜಿ ಕಥೆ ಹಾಡೋದು ಅಂತ ನಮ್ಮೆಜಮಾನ್ರು ಆಮೇಲೆ ಹೇಳಿದ್ರು.

ಮೇಲಿನ ಮಹಡಿ ಹಾಲಲ್ಲಿ ಮೂವತ್ತೈದು ನಲವತ್ತು ಜನ ಕೂರಬಹುದು. ಆಫೀಸ್ ಫ್ರೆಂಡ್ ಒಬ್ರ ಮನೇಲಿ ಆಗಾಗ ಬೈಠಕ್ ನಡೆಯುತ್ತೆ, ಗಾದಿ ಹಾಸಿ, ಎಲ್ರೂ ನೆಲದ ಮೇಲೆ. ಮಾಳವದ ಕಡೆಯವರು ಬಂದು ಕಬೀರನ ಪದ ಹಾಡಿದ್ದು ಅಲ್ಲೇ ಕೇಳಿದ್ದೆ, ಮೈಕ್ ಇಲ್ದೆ ಮಾರು ದೂರದಲ್ಲಿ ಕೂತು ಕೇಳೋದಿದ್ಯಲ್ಲ, ಹಾಡೋರು ಉಸಿರು ಎಳ್ಕೊಳ್ಳೋದು, ತಂತಿ ಮೇಲೆ ಬೆರಳು ಉಜ್ಜೋದು ಎಲ್ಲಾ ಕೇಳುತ್ತೆ, ಅದಾದ್ಮೇಲೆ ಆಡಿಟೋರಿಯಂ ಕಾರ್ಯಕ್ರಮ ಯಾಕೋ ಸಪ್ಪೆ ಅನ್ಸೋಕೆ ಶುರುವಾಗಿದೆ. ಇಲ್ಲೂ ಅದೇ ಥರ ಮಾಡ್ಬಹುದಾ? ಸಂಜೆ ಆರಕ್ಕೆ ಶುರು, ಒಂದೂವರೆ ಗಂಟೆ, ಆರೇಳು ಪದ, ಮಧ್ಯ ಕಾಫಿ, ಆಮೇಲೆ ಊಟ. ಮೈಕ್ ಬೇಕಾ? ದುಡ್ಡಿನ ವಿಷ್ಯ ಹೇಗೆ ಮಾತಾಡೋದು? ಮಾಡ್ಸಿದೋರು ಇದ್ರೆ ಹೇಳಿ ಪ್ಲೀಸ್.

ಮಳವಳ್ಳಿ ಹೈದ
ಅಕ್ಕಾ ಒಂದೂವರೆ ಗಂಟೇಲಿ ಅವ್ರು ಗುರು ನೆನ್ಕೊಂಡು ದೀಪಕ್ಕೆ ಕೈಮುಗ್ದು ಕಥೆ ಬಾಗ್ಲಿಗ್ ಬರೋದೇ ಕಷ್ಟ. ನಮ್ಮೂರಲ್ಲಿ ರಾತ್ರಿ ಊಟ ಆದ್ಮೇಲೆ ಹತ್ತಕ್ಕೆ ಕೂತ್ರೆ ಕೋಳಿ ಕೂಗೋ ಹೊತ್ಗೆ ಮಂಗಳ. ಹರಕೆಗೆ ಮಾಡ್ಸೋರಿದಾರೆ, ತಿಥಿಗೆ ಮಾಡ್ಸೋರಿದಾರೆ, ಹೊಸ ಮನೆ ಕಟ್ಟಿದ್ರೂ ಮಾಡ್ಸ್ತಾರೆ.

ತಂಬೂರಿ ಹಿಡ್ದೋರೇ ಮುಂದಾಳು. ಪಕ್ಕದಲ್ಲಿ ಇಬ್ರೋ ಮೂವರೋ ಹಿಮ್ಮೇಳ, ಗಗ್ಗರ ಡಿಕ್ಕಿ ತಾಳ ಹಿಡ್ಕೊಂಡು ಸೊಲ್ಲು ಎತ್ತಿಕೊಡ್ತಾರೆ. ಒಂದಷ್ಟು ಪದ, ಆಮೇಲೆ ಒಂದಷ್ಟು ಮಾತು, ಆ ಮಾತೂ ಒಂಥರಾ ಲಯದಲ್ಲೇ ಓಡ್ತಿರ್ತದೆ, ಯಾವಾಗ ಮಾತು ಮುಗೀತು ಯಾವಾಗ ಪದ ಹಿಡ್ಕಂಡ್ರು ಅಂತ ಗೊತ್ತೇ ಆಗಾಕಿಲ್ಲ. ಇಡೀ ಕಾವ್ಯ ಒಂದ್ ರಾತ್ರಿಗೆ ಮುಗಿಯೋದಲ್ಲ, ಅದ್ರಲ್ಲಿ ಸಾಲು ಅಂತ ಇರ್ತವೆ, ಅಂದ್ರೆ ಕಥೆ ಭಾಗಗಳು, ಕಲ್ಯಾಣದ ಸಾಲು, ರಾಜಬೊಪ್ಪೇಗೌಡನ ಸಾಲು, ಕೆಂಪಾಚಾರಿ ಸಾಲು, ಹಲಗೂರು ಪಾಂಚಾಳರ ಸಾಲು. ನಿಮ್ ಮಾವ ಮದ್ದೂರೋರು ಅಂದ್ರೆ ಹಲಗೂರದ್ದೇ ಕೇಳ್ತಾರೆ ನೋಡ್ತಿರಿ, ಅವ್ರಿಗೆ ಪಕ್ಕದೂರಿನ ಸಮಾಚಾರ ಅದು. ನಿಡುಘಟ್ಟದ ಆಚಾರಿ ಮಗ ಕೆಂಪಾಚಾರಿ ಮಂಟೇಸ್ವಾಮಿ ಶಿಷ್ಯ ಆಗಿ ಸಿದ್ದಪ್ಪಾಜಿ ಆಗ್ತಾನಲ್ಲ, ಅವನ್ನ ಗುರು ಕಳ್ಸೋದು ಎಲ್ಲಿಗೆ, ಹಲಗೂರಿನ ಪಾಂಚಾಳರ ಹತ್ರ ಕಬ್ಬಿಣದ ಭಿಕ್ಷೆ ಬೇಡೋಕೆ. ಕಮ್ಮಾರರ ಹುಡುಗ ಕಮ್ಮಾರರ ಮನೆ ಬಾಗ್ಲಲ್ಲೇ ಭಿಕ್ಷೆಗೆ ನಿಂತವ್ನೆ, ಅವ್ರು ಕೊಡಾಕಿಲ್ಲ, ಪರೀಕ್ಷೆ ಮೇಲೆ ಪರೀಕ್ಷೆ ಇಡ್ತಾರೆ. ಅಲ್ಲಿ ಹಾಡೋದ್ ಕೇಳ್ಬೇಕು ನೀವು.

ಒಂದೇ ಸಾಲು ಇಟ್ಕಳಿ, ಅದ್ನ ಪೂರ್ತಿ ಹಾಡ್ಸಿ. ಆರೇಳು ಪದ ಆಯ್ದು ಕಿತ್ತು ಹಾಡ್ಸೋ ಕೆಲ್ಸ ಮಾಡ್ಬೇಡಿ.

ಫ್ಲಾಟ್ 304
ರಾತ್ರಿಯೆಲ್ಲಾ ಅನ್ನೋದು ಬೆಂಗಳೂರಲ್ಲಿ ಆಗಲ್ಲ ಸ್ವಾಮಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸೋ ಹಾಗಿಲ್ಲ, ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಮೈಕ್ ಇಲ್ಲದಿದ್ರೂ ಪಕ್ಕದ ಮನೆಯವರು ಫೋನ್ ಮಾಡಿದ್ರೆ ಪೊಲೀಸ್ ಬಂದೇ ಬರ್ತಾರೆ. ಅಕ್ಕಪಕ್ಕದವರನ್ನೂ ಊಟಕ್ಕೆ ಕರೆದುಬಿಡಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ.

ಜಗಲಿಕಟ್ಟೆ
ಮಾವನ್ನ ಕೇಳಿದೆ. "ಹಲಗೂರ್ ಸಾಲು" ಅಂತ ಥಟ್ಟಂತ ಬಂತು ಉತ್ತರ. ಮಳವಳ್ಳಿ ಹೈದ ಅವ್ರೇ, ನೀವು ಭವಿಷ್ಯಾನೂ ಹೇಳ್ತೀರಾ?

ಹಾಗಾದ್ರೆ ಮಧ್ಯಾಹ್ನ ಮೂರೂವರೆಗೆ ಶುರು ಮಾಡಿ ಒಂಬತ್ತಕ್ಕೆ ಮುಗಿಸಿದ್ರೆ? ಆಫೀಸ್ ಕಡೆಯವರು ಅಷ್ಟೊತ್ತು ಕೂರ್ತಾರಾ ಅನ್ನೋದೇ ಚಿಂತೆ.

ಘಟಪ್ರಭಾ
ಕೂಡ್ತಾರ ಬಿಡ್ರಿ. ಎದ್ದು ಹೋಗೋರು ಹೋಗ್ಲಿ, ಒಳಗ ಬರೋರು ಬರ್ಲಿ, ಬಾಗ್ಲಾ ಮಾತ್ರ ತಗದ ಇಡ್ರಿ. ನಮ್ಮ ಕಡೆ ಅಮಾಸಿಗೆ ಯಾರರೆ ಒಬ್ಬರ ಮನ್ಯಾಗ ಭಜನಿ ಇರ್ತದ. ಪೇಟಿ, ಡಗ್ಗಾ, ತಾಳ, ದಮ್ಮಡಿ, ಒಬ್ಬ ಅಜ್ಜನ ಕೈಯಾಗ ಏಕತಾರಿ. ನಡುವ ಒಬ್ಬಾಂವ ಎದ್ದು ಎಮ್ಮಿಗೆ ಮೇವು ಹಾಕಿ ಬರ್ತಾನ, ಒಬ್ಬಾಕಿ ಚಾ ಮಾಡಾಕ ಹೋಗ್ತಾಳ, ಪದಾ ಏನ್ ನಿಲ್ಲೂದಿಲ್ಲ.

ಭಾಳ ಮಜಾ ಅಂದ್ರ ಒಬ್ಬಾಂವ ಶರೀಫಜ್ಜನ ಪದಾ ಒಂದು ಎತ್ತತಾನ, ಅದ್ರಾಗ ಒಂದು ಒಗಟ ಇರ್ತದ ನೋಡ್ರಿ, ಅದು ಮುಗಿಯೂದ ತಡಾ ಮೂಲ್ಯಾಗ ಕುಂತಾಂವ ಕಡಕೋಳ ಮಡಿವಾಳಪ್ಪನ ಪದಾ ತಗೀತಾನ, ಅದಕ್ಕ ಜವಾಬು ಇದ ಅನ್ನೂ ಹಂಗ. ಯಾರೂ ಬಿಡಿಸಿ ಹೇಳೂದಿಲ್ಲ. ತಿಳಿದವ್ರು ನಗ್ತಾರ, ತಿಳೀಲಾರದವ್ರು ಮುಂದಿನ ಅಮಾಸಿಗೆ ಮತ್ತ ಬರ್ತಾರ. ಶರೀಫರು ಹೋಗಿದ್ದು 1889ರಾಗ, ಶಿಶುನಾಳದಿಂದ ಭಾಳ ದೂರ ಇರೂ ನಮ್ಮೂರಾಗ ಸಾಲಿ ಕಲೀಲಾರದ ಮಂದಿ ಬಾಯಾಗ ಇವತ್ತಿಗೂ ಅವ್ರ ಪದಾ ಅದಾವಂದ್ರ ಅದು ಸ್ಟೇಜಿನಿಂದ ಬಂದಿದ್ದಲ್ರಿ, ಇಂಥಾ ಪಡಸಾಲ್ಯಾಗ ಕುಂತು ಬಂದಿದ್ದು.

ಸೌಂಡ್ ಸಿದ್ದ
ನಾನು ಸೌಂಡ್ ಇಂಜಿನಿಯರ್, ಮೈಕ್ ಬಾಡಿಗೆ ಕೊಟ್ಟೇ ಹೊಟ್ಟೆ ಹೊರ್ಯೋದು, ಆದ್ರೂ ಹೇಳ್ತೀನಿ, ನಲವತ್ತು ಜನಕ್ಕೆ ಮೈಕ್ ಬೇಡ. ಬಯಲಲ್ಲಿ ಹಾಡಿ ಪಳಗಿದ ಗಂಟಲು ಅವ್ರದ್ದು. ನಿಮ್ಮ ಸಮಸ್ಯೆ ಉಲ್ಟಾ. ಆರ್‌ಸಿಸಿ ಸೂರು, ನುಣ್ಣನೆ ಟೈಲ್ಸ್, ಗಾಜಿನ ಕಿಟಕಿ, ಈ ಮೂರು ಸೇರಿದ್ರೆ ತಾಳದ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಮಾತೇ ತಿಳಿಯಲ್ಲ, ಮಾತು ತಿಳೀದೆ ಇದ್ರೆ ಕಥೆ ಹೋಯ್ತು. ಇರೋ ಬರೋ ಜಮಖಾನ, ಚಾಪೆ, ಹಾಸಿಗೆ ಎಲ್ಲಾ ನೆಲಕ್ಕೆ ಹಾಸಿ, ಕಿಟಕಿಗೆ ದಪ್ಪ ಪರದೆ ಇಳಿಬಿಡಿ, ಹಾಡೋರ ಬೆನ್ನ ಹಿಂದೆ ಬೋಳು ಗೋಡೆ ಬೇಡ, ಒಂದು ಕಂಬಳಿ ತೂಗುಹಾಕಿ. ಅವರನ್ನ ಹಾಲಿನ ತುದೀಲಿ ಕೂರಿಸ್ಬೇಡಿ, ಉದ್ದ ಗೋಡೆಯ ಮಧ್ಯಕ್ಕೆ ಕೂರ್ಸಿ, ಮೂರು ಕಡೆಯಿಂದ ಜನ ಸುತ್ತುವರಿದು ಕೂತ್ರೆ ಕೊನೇ ಸಾಲೂ ಹತ್ರಾನೇ ಇರುತ್ತೆ. ಜನಾನೇ ಒಳ್ಳೇ ಹತ್ತಿ ದಿಂಬು, ಹಾಲ್ ತುಂಬಿದ್ಮೇಲೆ ಸದ್ದು ತಾನೇ ಮೆತ್ತಗಾಗುತ್ತೆ.

ಫ್ಯಾನ್ ಬಗ್ಗೆ ಯಾರೂ ಯೋಚ್ನೆ ಮಾಡಲ್ಲ. ಹಳೇ ಫ್ಯಾನ್ ಕಟಕಟ ಅನ್ನೋದು ಕಥೆ ಮೆತ್ತಗೆ ಇಳಿದಾಗ್ಲೇ ಕೇಳೋದು. ಫ್ರಿಜ್ ಹಾಲಲ್ಲೇ ಇದ್ರೆ ಅಷ್ಟೊತ್ತು ಆಫ್ ಮಾಡಿ.

ಮಳೆಗಾಲ ಕುಂದಾಪ್ರ
ಹ್ವಾಯ್, ನಿಮ್ಗೆ ಇದ್ ಹೊಸ್ತ್, ನಮ್ಗಲ್ಲ. ಪತ್ತನಾಜೆ ಕಳ್ದ್ ಯಕ್ಷಗಾನ ಮೇಳ ಎಲ್ಲ ತಿರುಗಾಟ ಮುಗ್ಸಿ ಒಳ ಹೋದ್ ಮೇಲೆ ಮಳಿಗಾಲದಂಗೆ ಚಿಕ್ಕಮೇಳದವ್ರ್ ಮನಿ ಮನಿಗ್ ಬತ್ರ್. ಒಬ್ರ್ ಭಾಗವತ್ರ್, ಚೆಂಡೆ, ಮದ್ದಳೆ, ವೇಷ ಎರಡ್. ಹೊರಗ್ ಮಳಿ ಹೊಯ್ತಾ ಇರತ್ತ್, ಚಾವಡಿಯಂಗೆ ದೀಪ ಹಚ್ಚಿಟ್ಟ್ ಕಾಯೂದ್. ಪೂರಾ ಪ್ರಸಂಗ ಅಲ್ಲ, ಸಣ್ಣ ತುಂಡ್, ಕಾಲ್ ಗಂಟೆ ಇಪ್ಪತ್ತ್ ನಿಮಿಷ ಅಷ್ಟೆ. ಹಂಗಾರೆ ಸಣ್ಣ ತುಂಡ್ ಹಾಡ್ರೆ ತಪ್ಪೆಂತ ಅಲ್ಲ ಮಾರಾಯ್ರೆ. ನವರಾತ್ರಿಗೆ ಹೂವಿನಕೋಲ್ ಅಂದೇಳಿ ಮಕ್ಳ್ ಬತ್ತಿದ್ರ್, ಅದೂ ಮನಿ ಒಳಗೇ ಕೂಕಂಡ್ ಅರ್ಥ ಹೇಳೂದ್. ಮಳವಳ್ಳಿಯವ್ರ್ ಪೂರಾ ಸಾಲೇ ಆಯ್ಕ್ ಅಂದೇಳಿ ಹಟ ಹಿಡೂದ್ ಎಂತಕ್ಕೆ?

ಮಳವಳ್ಳಿ ಹೈದ
ನಿಮ್ಮಲ್ಲಿ ಆ ತುಂಡನ್ನ ಆಟದವ್ರೇ ಅಷ್ಟಕ್ಕೇ ಹೊಂದ್ಸಿ ಕಟ್ಟವ್ರೆ ಅಣ್ಣ, ಒಂದ್ ರಾತ್ರಿಗೆ ಎಷ್ಟೋ ಮನೆ ಮುಗಿಸ್ಬೇಕು ಅವ್ರು. ಇಲ್ಲಿ ಹಂಗಲ್ಲ. ಮುಂದಾಳು ಮೊದಲರ್ಧ ಗಂಟೆ ಗಂಟಲು ಕಾಯಿಸ್ತಾ ಇರ್ತಾರೆ, ಜನರ ಮುಖ ನೋಡ್ತಾ ಇರ್ತಾರೆ. ಅಲ್ಲೇ ನಿಲ್ಸಿದ್ರೆ ಇನ್ನೇನು ಏರ್ಬೇಕು ಅನ್ನೋವಾಗ ಇಳಿಸ್ದಂಗೆ.

ದೊಡ್ಡ ಉತ್ಸವಗಳಲ್ಲಿ ಆಗೋದೂ ಇದೇ. ಒಂದೊಂದ್ ತಂಡಕ್ಕೆ ಹತ್ತು ನಿಮಿಷ, ಲೈಟು, ಹೊಗೆ, ನಿರೂಪಕಿ "ಈಗ ನಿಮ್ಮ ಮುಂದೆ" ಅಂತ ಕೂಗೋದು. ಇಡೀ ರಾತ್ರಿ ಕಥೆ ಹೇಳ್ಬಲ್ಲೋರು ಅಲ್ಲಿ ಬಂದು ಆ ಯೂಟ್ಯೂಬಲ್ಲಿ ಓಡಿರೋ ಮಲ್ಲಿಗೆ ಪದಾನೇ ಹಾಡಿ ಕೈಮುಗ್ದು ಇಳೀತಾರೆ.

ತೀರ್ಥಳ್ಳಿ ಅಡಿಕೆ
ಮಲೆನಾಡಿನ ಅಂಟಿಗೆ ಪಂಟಿಗೆ ಯಾರೂ ಹೇಳ್ಲೇ ಇಲ್ವಲ್ಲ. ಬಲಿಪಾಡ್ಯದ ರಾತ್ರಿ ಊರ ದೇವಸ್ಥಾನದಲ್ಲಿ ಹಚ್ಕೊಂಡ ದೀಪ ಹಿಡ್ಕೊಂಡು ಗುಂಪು ಹೊರಡುತ್ತೆ, ತೋಟ ಗದ್ದೆ ದಾಟ್ಕೊಂಡು ಮನೆಯಿಂದ ಮನೆಗೆ, ದೀಪ ಆರಬಾರ್ದು. ಇಬ್ರು ಹೇಳ್ತಾರೆ, ಇಬ್ರು ಅದನ್ನೇ ತಿರುಗಿ ಹೇಳ್ತಾರೆ, ವಾದ್ಯ ಗೀದ್ಯ ಎಂತದೂ ಇಲ್ಲ. ಮನೆ ಬಾಗಿಲು ಹಾಕಿರುತ್ತೆ, ಬಾಗಿಲು ತೆಗೆಯೋಕೇ ಒಂದು ಪದ. ಚಿಕ್ಕೋರಿದ್ದಾಗ ನಾವು ಕಂಬಳಿ ಒಳಗೆ ಎಚ್ಚರ ಇದ್ರೂ ಎದ್ದು ಹೋಗ್ತಿರ್ಲಿಲ್ಲ, ಆ ಪದ ಪೂರ್ತಿ ಕೇಳ್ಬೇಕಲ್ಲ. ಬಾಗಿಲು ತೆಗೆದ ಮೇಲೆ ಅವರ ದೀಪಕ್ಕೆ ನಮ್ಮನೆ ಎಣ್ಣೆ, ನಮ್ಮನೆ ದೀಪಕ್ಕೆ ಅವರ ಬೆಂಕಿ. ಅಕ್ಕಿ, ಕಜ್ಜಾಯ, ದುಡ್ಡು ಕೊಟ್ಟು ಕಳ್ಸೋದು.

ಈಗ ಗೇಟಿಗೆ ಬೀಗ ಹಾಕಿರ್ತಾರೆ ಮಾರಾಯ, ನಾಯಿ ಬೇರೆ ಬಿಟ್ಟಿರ್ತಾರೆ. ಕಾಂಪೌಂಡ್ ಹೊರಗೆ ನಿಂತು ಹಾಡಿ ಹೋಗ್ತಾರೆ.

ಮೂಡಲಮನೆ
ಎಲ್ರೂ ಗಂಡಸರ ಮೇಳದ ಬಗ್ಗೆನೇ ಮಾತಾಡ್ತಿದೀರ. ಸೋಬಾನೆ ಪದ ಎಲ್ಲಿ ಹೋಯ್ತು? ಮದುವೆ ಚಪ್ಪರ, ಆರತಿ, ಬಾಣಂತಿ ಮನೆ, ತೊಟ್ಲು, ಎಲ್ಲದಕ್ಕೂ ಮನೆ ಒಳಗೇ ಹಾಡು, ಕೇಳೋಕೆ ಅಂತ ಬೇರೆ ಜನಾನೇ ಇರ್ತಿರ್ಲಿಲ್ಲ, ಇದ್ದೋರೆಲ್ಲಾ ಹಾಡೋರೇ. ಅಂಕೋಲಾ ಬಡಗೇರಿಯ ಹಾಲಕ್ಕಿ ಅಜ್ಜಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು, ಅವರ ಹಾಡಿನ ರಾಶಿ ಹುಟ್ಟಿದ್ದೂ ಗದ್ದೆ ಕೆಲಸದ ನಡುವೆ, ಮನೆ ಅಂಗಳದಲ್ಲಿ. ನಿಮ್ಮ ಅತ್ತೆ ಕಡೆ ಹೆಂಗಸರಿಗೆ ನಾಕು ಸೋಬಾನೆ ಬಂದೇ ಬರುತ್ತೆ, ತಂಬೂರಿಯವರು ಎಲೆಅಡಿಕೆಗೆ ಎದ್ದಾಗ ಅವರನ್ನ ಹಾಡ್ಸಿ. ದುಡ್ಡೂ ಬೇಡ, ಬುಕಿಂಗೂ ಬೇಡ, ಹತ್ತು ಸಲ ಕರೀಬೇಕು ಅಷ್ಟೇ.

ಕಂಡಾಯದ ಮೊಮ್ಮಗ
ಇಲ್ಲೀವರ್ಗೂ ಸುಮ್ನೆ ಓದ್ತಾ ಇದ್ದೆ. ನಮ್ಮದು ಕೊಳ್ಳೇಗಾಲ ಕಡೆ, ನಮ್ಮ ತಾತ ನೀಲಗಾರ್ರು, ದೀಕ್ಷೆ ತಗೊಂಡೋರು. ನಾನು ಸಾಫ್ಟ್‌ವೇರು, ತಂಬೂರಿ ಹಿಡಿದಿಲ್ಲ, ಹಿಮ್ಮೇಳಕ್ಕೆ ಕೂತಿದೀನಿ. ಕೆಲವು ವಿಷ್ಯ ನೇರ ಹೇಳ್ಬಿಡ್ತೀನಿ ಬೇಜಾರ್ ಮಾಡ್ಕೋಬೇಡಿ.

ದುಡ್ಡಿನ ವಿಷ್ಯ ಮೊದಲೇ ಬಾಯಿಬಿಟ್ಟು ಮಾತಾಡಿ. "ನಿಮ್ಮ ಇಷ್ಟ ಕೊಡಿ" ಅಂತ ಅವ್ರು ಹೇಳ್ತಾರೆ, ಅದನ್ನೇ ಹಿಡ್ಕೊಂಡು ಕಮ್ಮಿ ಕೊಡಬೇಡಿ. ಬೆಂಗಳೂರಿಗೆ ಬಂದು ಹೋಗೋಕೆ ಎರಡು ದಿನ ಹಾಳಾಗುತ್ತೆ, ಒಬ್ಬೊಬ್ಬರಿಗೂ ಎರಡು ದಿನ ಗಾರೆ ಮೇಸ್ತ್ರಿಗೆ ಎಷ್ಟು ಕೊಡ್ತೀರೋ ಅದಕ್ಕಿಂತ ಜಾಸ್ತೀನೇ ಇರ್ಬೇಕು, ಗಾಡಿ ಖರ್ಚು ಬೇರೆ. ಹಿಮ್ಮೇಳದವರಿಗೂ ಕೈಗೆ ಕೊಡಿ. ಕಥೆ ಮಧ್ಯ ಜನ ಕಾಣಿಕೆ ಹಾಕ್ತಾರಲ್ಲ, ಅದು ಇದಕ್ಕೆ ಸೇರಲ್ಲ.

ಇನ್ನೊಂದು ಊಟ. ತಾತನ ಕಾಲದಲ್ಲಿ ಕೆಲವು ಮನೆಗಳಲ್ಲಿ ಜಗಲಿ ಮೇಲೆ ರಾತ್ರಿಯೆಲ್ಲಾ ಹಾಡ್ಸ್ಕೋತಿದ್ರು, ಕಣ್ಣೀರಿಡ್ತಿದ್ರು, ಕಾಲಿಗೆ ಬೀಳ್ತಿದ್ರು, ಬೆಳಿಗ್ಗೆ ಊಟ ಮಾತ್ರ ಹಿತ್ತಲಲ್ಲಿ. ಹಾಡ್ತಿದ್ದ ಕಥೆ ಜಾತಿ ಕೇಳಿದೋರ ಮುಖಕ್ಕೆ ಹೊಡೆಯೋ ಕಥೆ. ಕಲ್ಯಾಣದ ಸಾಲಲ್ಲಿ ಮಂಟೇಸ್ವಾಮಿ ಬಸವಣ್ಣನ ಬಾಗ್ಲಿಗೆ ಯಾವ ವೇಷದಲ್ಲಿ ಬರ್ತಾನೆ ಅಂತ ಕೇಳಿದೋರಿಗೆ ಗೊತ್ತು. ಆದ್ರಿಂದ ಅವರನ್ನ ಬೇರೆ ಕೂರಿಸಿ ಬಡಿಸೋದು, ಕ್ಯಾಟರಿಂಗ್ ಹುಡುಗ್ರ ಜೊತೆ ಆಮೇಲೆ ತಿನ್ಲಿ ಅನ್ನೋದು ದಯವಿಟ್ಟು ಬೇಡ. ನಿಮ್ಮ ಮಾವನ ಪಕ್ಕದ ಎಲೆ ಮುಂದಾಳಿಗೆ. ಕೇಳೋರು ಸೋಫಾ ಮೇಲೆ, ಹಾಡೋರು ನೆಲದ ಮೇಲೆ, ಅದೂ ಬೇಡ. ಮಂಡಿ ನೋವಿರೋ ಹಿರಿಯರಿಗೆ ಗೋಡೆ ಬದೀಲಿ ಕುರ್ಚಿ ಹಾಕಿ, ಅದಕ್ಕೆ ಯಾರೂ ಏನೂ ಅನ್ಕೊಳ್ಳಲ್ಲ.

ಶುರುಮಾಡೋಕೆ ಮುಂಚೆ ದೀಪ ಇಟ್ಟು ತಂಬೂರಿಗೆ ಪೂಜೆ ಮಾಡ್ತಾರೆ, ಕರ್ಪೂರ ಹಚ್ತಾರೆ, ಸ್ಮೋಕ್ ಅಲಾರಂ ಇದ್ರೆ ನೋಡ್ಕೊಳ್ಳಿ. ನಂಬಿಕೆ ಇಲ್ದೋರು ಕೇಳ್ಬಹುದಾ ಅಂತ ಯಾರಾದ್ರೂ ಕೇಳ್ತಾರೆ, ಧಾರಾಳವಾಗಿ ಕೇಳಿ. ಆ ಪೂಜೆ ಹೊತ್ತಲ್ಲಿ ಫೋನ್ ನೋಡ್ಕೊಂಡು ಕೂರ್ಬೇಡಿ ಅಷ್ಟೇ.

ಫ್ಲಾಟ್ 304
ಊಟ ಸಸ್ಯಾಹಾರ ಇರಲಿ ಅಂತ ನನ್ನ ಸಲಹೆ, ಎಲ್ರಿಗೂ ಅನುಕೂಲ.

ಕಂಡಾಯದ ಮೊಮ್ಮಗ
ಎಲ್ರಿಗೂ ಅಂದ್ರೆ ಯಾರಿಗೆ ಸಾರ್? ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಜಾತ್ರೇಲಿ ಪಂಕ್ತಿ ಸೇವೆ ಅಂತಾನೇ ಒಂದು ದಿನ ಇದೆ, ಬಾಡೂಟ, ಎಲ್ಲಾ ಜಾತಿಯವರೂ ಒಂದೇ ಸಾಲಲ್ಲಿ ಕೂತು ತಿನ್ನೋದು. ಮನೆಯವರು ಏನ್ ತಿಂತಾರೋ ಅದನ್ನೇ ಬಡಿಸ್ಲಿ. ಮದ್ದೂರಿನ ಮಾವನವರನ್ನ ಕೇಳ್ಬಿಟ್ರೆ ಮುಗೀತು.

ಜಗಲಿಕಟ್ಟೆ
ಕೇಳೋದೇ ಬೇಡ, ಅವ್ರು ಆಗ್ಲೇ ಮುದ್ದೆ, ಮಟನ್ ಸಾರು ಅಂತ ಲಿಸ್ಟ್ ಬರೆಸಿದಾರೆ. ಸಸ್ಯಾಹಾರದೋರಿಗೆ ಅವರೆಕಾಳು ಸಾರು ಬೇರೆ ಇರುತ್ತೆ.

ತಂಡ ಹುಡುಕೋದು ಹೇಗೆ? ಮಾವನ ಕಡೆ ನೆಂಟರಿಗೆ ಹೇಳಿದೀವಿ.

ಮಳವಳ್ಳಿ ಹೈದ
ನೆಂಟ್ರೇ ಒಳ್ಳೇ ದಾರಿ. ಇಲ್ಲಾಂದ್ರೆ ರಾಮನಗರದ ಜಾನಪದ ಲೋಕದಲ್ಲಿ ವಿಚಾರಿಸಿ, ಎಚ್.ಎಲ್. ನಾಗೇಗೌಡ್ರು ಕಟ್ಟಿದ್ದು, ಬೆಂಗಳೂರು ಮೈಸೂರು ರೋಡ್ ಪಕ್ಕದಲ್ಲೇ ಇದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಆಫೀಸಲ್ಲೂ ಕಲಾವಿದರ ಪಟ್ಟಿ ಸಿಗುತ್ತೆ. ಒಂದ್ ಮಾತು, ತಂಬೂರಿ ಅಂದ್ರೆ ನೀಲಗಾರ್ರು, ಮಂಟೇಸ್ವಾಮಿ ಕಥೆ. ಕಂಸಾಳೆ ಅಂದ್ರೆ ದೇವರಗುಡ್ಡರು, ಮಾದಪ್ಪನ ಕಥೆ, ಅಲ್ಲಿ ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು ಅಂತ ಬೇರೆ. ಎರಡೂ ಹಾಡೋರಿದಾರೆ, ಆದ್ರೂ ಫೋನಲ್ಲೇ ಸ್ಪಷ್ಟ ಮಾಡ್ಕಳಿ.

ನ್ಯೂಜೆರ್ಸಿ ನಾಣಿ
ನಮ್ಮ ಬೇಸ್‌ಮೆಂಟಲ್ಲಿ ಒಮ್ಮೆ ಊರಿಂದ ಬಂದಿದ್ದ ಗಾಯಕರೊಬ್ಬರ ಜನಪದ ಗೀತೆ ಇಟ್ಕೊಂಡಿದ್ವಿ, ಕನ್ನಡ ಕೂಟದ ಇಪ್ಪತ್ತೈದು ಜನ. ಮಕ್ಕಳಿಗೆ ಕನ್ನಡ ಅಷ್ಟಕ್ಕಷ್ಟೇ, ಕಥೆ ಸಾರಾಂಶ ಒಂದು ಪುಟ ಪ್ರಿಂಟ್ ಹಾಕಿ ಹಂಚಿದ್ದೆ, ಯಾರೂ ತೆಗೆದು ನೋಡ್ಲಿಲ್ಲ. ಆದ್ರೆ ಅವ್ರು "ಉಘೇ" ಅಂದಾಗ ವಾಪಸ್ "ಉಘೇ ಮಾದಪ್ಪ" ಅನ್ಬೇಕು ಅಂತ ಹೇಳ್ಕೊಟ್ರು ನೋಡಿ, ಅದಾದ್ಮೇಲೆ ಹುಡುಗ್ರು ಅಲ್ಲಾಡ್ಲಿಲ್ಲ, ಯಾವಾಗ ಅನ್ಬೇಕು ಅಂತ ಕಾಯ್ಕೊಂಡು ಕೂತಿದ್ರು. ಬಾಯಿಗೆ ಒಂದು ಕೆಲಸ ಕೊಡಿ ಜನಕ್ಕೆ, ಸಾಕು.

ಜಗಲಿಕಟ್ಟೆ
ಆಯ್ತು!! ನಿನ್ನೆ ಮುಗೀತು. ಕೇಳಿದೋರಿಗೆಲ್ಲ ಒಂದೇ ಕಡೆ ಬರೀತೀನಿ, ಉದ್ದ ಆಗುತ್ತೆ ಓದ್ಕೊಳ್ಳಿ.

ನಾಲ್ಕು ಜನ ಬಂದಿದ್ರು. ನಾಲ್ಕು ಗಂಟೆಗೆ ಶುರು ಅಂದಿದ್ದು ಐದಾಯ್ತು, ಟ್ರಾಫಿಕ್ಕು. ಸಿದ್ದ ಅವರೇ, ಜಮಖಾನ ಸಾಲದೆ ಗೋಡೆಗೆ ರಗ್ಗು ಕೂಡ ತೂಗುಹಾಕಿದ್ವಿ, ಹಾಲ್ ಧೋಬಿ ಘಾಟ್ ಥರ ಇತ್ತು ನೋಡೋಕೆ, ಆದ್ರೆ ಒಂದೊಂದು ಮಾತೂ ಸ್ಫುಟ. ಮುಂದಾಳು ಹಾಲಿಗೆ ಬಂದೋರೇ ಒಂದು ಸಲ ಚಪ್ಪಾಳೆ ತಟ್ಟಿ ಸದ್ದು ನೋಡಿ ತಲೆ ಆಡಿಸಿದ್ರು.

ಮೊದಲ ಮುಕ್ಕಾಲು ಗಂಟೆ ನಿಜ ಹೇಳ್ತೀನಿ, ಆಫೀಸ್ ಕಡೆಯವರು ಗಡಿಯಾರ ನೋಡ್ಕೊಂಡ್ರು. ತಂಬೂರಿ ಒಂದೇ ಶ್ರುತೀಲಿ ಝೇಂಕರಿಸ್ತಾನೇ ಇದೆ, ದೇವರು ದಿಂಡರ ಹೆಸರು ಬರ್ತಾನೇ ಇದೆ, ಹಿಮ್ಮೇಳದವ್ರು ಸೊಲ್ಲು ಎಳೀತಾನೇ ಇದಾರೆ. ಆಮೇಲೆ ಯಾವಾಗ ಬದಲಾಯ್ತು ಅಂತ ನಂಗೆ ಹೇಳೋಕೆ ಬರಲ್ಲ. ಸಿದ್ದಪ್ಪಾಜಿ ಹಲಗೂರಿಗೆ ಹೊರಡ್ತಾನಲ್ಲ, ದಾರೀಲಿ ಒಂದೊಂದೇ ಊರಿನ ಹೆಸರು ಹಿಡ್ಕೊಂಡು ಹೋಗ್ತಾ ಇದ್ರು, ಮಾವನ ತಂಗಿ ಕೂತಲ್ಲೇ "ಅದು ನನ್ ಕೊಟ್ಟ ಊರು" ಅಂದ್ರು ಜೋರಾಗಿ, ಮುಂದಾಳು ತಕ್ಷಣ ಅದನ್ನ ಮಾತಲ್ಲಿ ಸೇರಿಸ್ಕೊಂಡು "ಆ ಊರ ಸೊಸೆ ಇಲ್ಲೇ ಕುಂತವಳೆ, ಸಿದ್ದಯ್ಯನಿಗೆ ನೀರು ಕೊಟ್ಟವಳೋ ಇಲ್ಲವೋ ಕೇಳ್ರಪ್ಪ" ಅಂದ್ರು. ಇಡೀ ಹಾಲ್ ಗೊಳ್ಳಂತು. ಅಲ್ಲಿಂದ ಗಡಿಯಾರ ಯಾರೂ ನೋಡ್ಲಿಲ್ಲ.

ಪಾಂಚಾಳರು ಕಬ್ಬಿಣ ಇಲ್ಲ ಅನ್ನೋ ಕಡೆ ಅವರು ದನಿ ಪೂರ್ತಿ ಇಳಿಸಿಬಿಟ್ರು. ಹಿಮ್ಮೇಳ ನಿಂತ್ಹೋಯ್ತು, ತಂಬೂರಿ ಒಂದೇ. ಹಿಂದಿನ ಸಾಲಿನೋರು ಮುಂದಕ್ಕೆ ಬಗ್ಗಿ ಕೇಳ್ತಿದ್ರು. ಆಮೇಲೆ ಒಂದೇ ಸಲ ಗಗ್ಗರ, ತಾಳ, ನಾಲ್ಕೂ ಗಂಟಲು ಸೇರಿ ಎತ್ತಿದ್ರಲ್ಲ, ನನ್ನ ಪಕ್ಕ ಕೂತಿದ್ದ ಟೀಮ್ ಲೀಡ್ ಬೆಚ್ಚಿಬಿದ್ದು ನನ್ನ ತೊಡೆ ಹಿಡ್ಕೊಂಡ್ಳು, ಅವಳಿಗೆ ಕನ್ನಡಾನೇ ಬರಲ್ಲ, ತೆಲುಗಿನೋಳು. ಇದನ್ನ ಮೈಕಲ್ಲಿ ಮಾಡೋಕೆ ಆಗಲ್ಲ ಅನ್ಸುತ್ತೆ. ಮೈಕ್ ಇದ್ರೆ ಮೆತ್ತಗಿದ್ದಿದ್ದೂ ಜೋರಾಗೇ ಕೇಳುತ್ತೆ, ಕಿವಿ ಮುಂದಕ್ಕೆ ಹೋಗೋ ಪ್ರಶ್ನೆನೇ ಬರಲ್ಲ.

ಮಧ್ಯ ಎಲೆಅಡಿಕೆ ಹೊತ್ತಲ್ಲಿ ಮಾವನ ತಂಗಿ ಮತ್ತೆ ನಮ್ಮತ್ತೆ ಸೋಬಾನೆ ಹಾಡಿದ್ರು (ಹನ್ನೊಂದು ಸಲ ಕರ್ದ ಮೇಲೆ). ತಂಬೂರಿಯವರು ಅದಕ್ಕೆ ಶ್ರುತಿ ಹಿಡಿದು ತಾಳ ಹಾಕಿದ್ರು, ಯಾರೂ ಹೇಳಿರ್ಲಿಲ್ಲ. ಒಂಬತ್ತೂ ಮುಕ್ಕಾಲಿಗೆ ಮಂಗಳ. ಪಕ್ಕದ ಮನೆ ಅಂಕಲ್ ಕಂಪ್ಲೇಂಟ್ ಕೊಡೋದಿರ್ಲಿ, ಮುದ್ದೆ ಮೂರು ಸಲ ಹಾಕಿಸ್ಕೊಂಡ್ರು.

ಆಫೀಸ್ ಕಡೆಯವರಲ್ಲಿ ನಾಲ್ಕು ಜನ ಅರ್ಧಕ್ಕೇ ಹೋದ್ರು, ಅದೂ ಹೇಳ್ಬೇಕು. ಬೋರಾಯ್ತು ಅಂತ ಇಬ್ರು ನೇರ ಹೇಳಿದ್ರು.

ಮಳೆಗಾಲ ಕುಂದಾಪ್ರ
ಆ ಮುಕ್ಕಾಲ್ ಗಂಟೆ ಮೊದ್ಲೇ ಹೇಳಿ ಕಳ್ಸಿರೆ ಅವ್ರ್ ತಡ ಮಾಡಿ ಬತ್ತಿದ್ರೇನೊ.

ಘಟಪ್ರಭಾ
ನಾಲ್ವತ್ತು ಮಂದ್ಯಾಗ ಮೂವತ್ತಾರು ಮಂದಿ ಕುಂತಾರಂದ್ರ ಸಣ್ಣ ಮಾತೇನ್ರಿ. ವಿಡಿಯೋ ಹಾಕ್ರಿ ಇಲ್ಲೆ.

ಜಗಲಿಕಟ್ಟೆ
ಹಾಕಲ್ಲ, ಸಾರಿ. ಶುರುವಲ್ಲೇ ಕೇಳಿದ್ವಿ, ಮನೆಯವರು ನೆನಪಿಗೆ ಇಟ್ಕೊಳ್ಳಿ, ಯೂಟ್ಯೂಬಿಗೆ ಬೇಡ ಅಂದ್ರು. ಹಿಂದೆ ಎಲ್ಲೋ ಹಾಡಿದ್ದನ್ನ ಯಾರೋ ಚಾನೆಲ್ ಮಾಡ್ಕೊಂಡು ಹಾಕಿ ಜಾಹೀರಾತಿನ ದುಡ್ಡು ತಿಂದಿದಾರಂತೆ, ಇವರ ಹೆಸರೂ ಹಾಕಿಲ್ವಂತೆ.

ತೀರ್ಥಳ್ಳಿ ಅಡಿಕೆ
ಆದ್ರೆ ರೆಕಾರ್ಡ್ ಆಗ್ದೇ ಹೋದ್ರೆ ಆ ಪದ ಉಳಿಯೋದು ಹೇಗೆ? ಜನಪದಕ್ಕೆ ಎಂತ ಕಾಪಿರೈಟು?

ಫ್ಲಾಟ್ 304
ಕಥೆಗೆ ಇಲ್ಲದೇ ಇರಬಹುದು, ಹಾಡಿದವರಿಗೆ ಇದೆ. 1957ರ ಹಕ್ಕುಸ್ವಾಮ್ಯ ಕಾಯ್ದೆ 38ನೇ ಕಲಂ, ಪ್ರದರ್ಶಕರ ಹಕ್ಕು, 50 ವರ್ಷ. ಅವರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಿ ದುಡ್ಡು ಮಾಡೋ ಹಾಗಿಲ್ಲ. ನಾನು ವಕೀಲ, ಆದ್ದರಿಂದ ನನ್ನನ್ನ ಬರೀ ಅಸೋಸಿಯೇಷನ್ ಸೆಕ್ರೆಟರಿ ಅಂದ್ಕೊಂಡು ಬೈತಿದ್ದವರು ಗಮನಿಸಿ.

ಕಂಡಾಯದ ಮೊಮ್ಮಗ
ಉಳಿಸೋ ಮಾತು ಬಂತಲ್ಲ, ರೆಕಾರ್ಡಿಂಗ್ ಬೇಡ ಅಂತಲ್ಲ ನಾನು. ಕ್ಯಾಸೆಟ್ ಕಾಲದಲ್ಲಿ ಕಂಸಾಳೆ ಮಹದೇವಯ್ಯನವರ ದನಿ ಕೇಳ್ಕೊಂಡೇ ನಮ್ಮ ಕಡೆ ಎಷ್ಟೋ ಹುಡುಗ್ರು ಕಲ್ತಿದಾರೆ. ಒಪ್ಪಿಗೆ ತಗೊಂಡು, ಹೆಸರು ಹಾಕಿ, ಪಾಲು ಕೊಟ್ಟು ಮಾಡ್ಲಿ. ಆದ್ರೆ ತಾತ ಹೇಳ್ತಿದ್ದ ಕಥೆ ಒಂದು ರಾತ್ರಿ ಇದ್ದಂಗೆ ಇನ್ನೊಂದು ರಾತ್ರಿ ಇರ್ತಿರ್ಲಿಲ್ಲ, ಯಾರ ಮನೆ, ಯಾರು ಕೂತವ್ರೆ ನೋಡಿ ಹಿಗ್ಗಿಸ್ತಿದ್ರು ಕುಗ್ಗಿಸ್ತಿದ್ರು. ಹೊಸಬರಿಗೆ ಕೂತು ಹಾಡೋಕೆ ಮನೆ ಸಿಕ್ಕಿದ್ರೇನೇ ಅದು ಕಲಿಯೋಕಾಗೋದು. ನಮ್ಮ ಚಿಕ್ಕಪ್ಪನ ಮಗನಿಗೆ ಹಲಗೂರು ಸಾಲು ಒಂದು ಗಂಟೆ ಹಾಡೋಕೆ ಬರುತ್ತೆ, ಐದು ಗಂಟೆ ಹಾಡು ಅಂತ ಯಾರೂ ಕರೆದೇ ಇಲ್ಲ ಅವನನ್ನ.

ನ್ಯೂಜೆರ್ಸಿ ನಾಣಿ
ಜನವರಿ ಕೊನೇಲಿ ಬೆಂಗಳೂರಿಗೆ ಬರ್ತಿದೀನಿ. ಚಿಕ್ಕಲ್ಲೂರು ಜಾತ್ರೆ ಆಗ ಇರುತ್ತಾ?

ಕಂಡಾಯದ ಮೊಮ್ಮಗ
ಬನದ ಹುಣ್ಣಿಮೆ ರಾತ್ರಿ ಚಂದ್ರಮಂಡಲದಿಂದ (ಬಿದಿರಿಗೆ ಬಟ್ಟೆ ಸುತ್ತಿ ಉರಿಸೋದು) ಶುರು, ಐದು ದಿನ. ಹುಣ್ಣಿಮೆ ಯಾವತ್ತು ಅಂತ ಪಂಚಾಂಗ ನೋಡ್ಕೊಂಡು ಟಿಕೆಟ್ ಮಾಡಿ. ಮಲಗೋಕೆ ರೂಮು ಗೀಮು ಕೇಳ್ಬೇಡಿ, ಬಯಲಲ್ಲಿ ಅಲ್ಲಲ್ಲಿ ಗುಂಪು ಕೂತು ರಾತ್ರಿಯೆಲ್ಲಾ ಹಾಡ್ತಿರ್ತಾರೆ, ಕಂಬಳಿ ಹೊದ್ಕೊಂಡು ಯಾವ ಗುಂಪಲ್ಲಾದ್ರೂ ಕೂತ್ಕೋಬಹುದು. ಚಳಿ ಜೋರಿರುತ್ತೆ.

ಮೂಡಲಮನೆ
ನಮ್ಮನೇಲೂ ಏಪ್ರಿಲಲ್ಲಿ ಗೃಹಪ್ರವೇಶ, ಮಕ್ಕಳಿಗೆ ಕುಣಿತಾನೂ ಇರ್ಲಿ ಅಂತ ಕಂಸಾಳೆ ತಂಡ ಕರೆಸೋಣ ಅಂತಿದೀವಿ. ಹಾಲ್ ಹದಿನೆಂಟಡಿ ಉದ್ದ ಹನ್ನೆರಡಡಿ ಅಗಲ. ಸಾಕಾಗುತ್ತಾ?

ಸೌಂಡ್ ಸಿದ್ದ
ಕೂತು ಮಾದಪ್ಪನ ಕಥೆ ಹಾಡೋದಾದ್ರೆ ಸಾಕು, ಒಂದೇ ಜೊತೆ ಕಂಸಾಳೆ ಹಿಡಿಯೋಕೆ ಹೇಳಿ, ಕಂಚು ಅದು, ಮುಚ್ಚಿದ ರೂಮಲ್ಲಿ ಕಿವಿ ಗುಯ್ ಅನ್ನುತ್ತೆ. ಬೀಸು ಕಂಸಾಳೆ ಆದ್ರೆ ಹನ್ನೆರಡು ಅಡೀಲಿ ಸಾಧ್ಯಾನೇ ಇಲ್ಲ ಮೇಡಂ, ಹುರಿಗೆ ಕಟ್ಟಿದ ತಟ್ಟೆ ಬೀಸ್ತಾ ತಲೆ ಮೇಲಿಂದ ಬೆನ್ನ ಹಿಂದಿಂದ ಬಡೀತಾರೆ, ಮೊದಲು ಹೋಗೋದು ನಿಮ್ಮ ಹೊಸ ಫ್ಯಾನು. ಟೆರೇಸಿಗೆ ಹೋಗಿ, ಸಂಜೆ ಐದಕ್ಕೆ ಮುಗಿಸಿ, ಪ್ಯಾರಪೆಟ್ ಪಕ್ಕ ಮಕ್ಕಳನ್ನ ನಿಲ್ಲಿಸ್ಬೇಡಿ.

ಮೂಡಲಮನೆ
ಟೆರೇಸಲ್ಲಿ ಆಗ ಪೂರ್ತಿ ಸೋಲಾರ್ ಪ್ಯಾನೆಲ್ ಹಾಕಿರ್ತಾರೆ. ಹಾಗಾದ್ರೆ ಕೂತು ಹಾಡೋರ್ನೇ ಕರೀತೀನಿ. ಸಂಕಮ್ಮನ ಸಾಲು ಎಷ್ಟೊತ್ತು ಆಗುತ್ತೆ ಯಾರಾದ್ರೂ ಹೇಳಿ?

ಮಳವಳ್ಳಿ ಹೈದ
ನೀವು ಎಷ್ಟೊತ್ತು ಕೂರ್ತೀರ ಅದ್ನ ಮೊದ್ಲು ಹೇಳಿ ಅಕ್ಕ.